ಹಿಮ್ಮೇಳದ ಪಾಲು

ಲಗ್ನದ ಮುಹೂರ್ತಗಳಿಲ್ಲದ ತಿಂಗಳು ನೋಡಿ ಸಿನಿಮಾದವರು ಗೋಕಾಕದ ಒಂದು ಮಂಗಲ ಕಾರ್ಯಾಲಯ ಹಿಡಿದಿದ್ದರು. ಊಟದ ಹಾಲಿನ ನಾಲ್ಕೂ ಗೋಡೆಗೆ ಶಾಮಿಯಾನದವನ ಗಾದಿಗಳನ್ನು ನೇತುಹಾಕಿ, ಕಿಟಕಿಗಳಿಗೆ ಕಂಬಳಿ ಬಡಿದು, ರಸ್ತೆಯ ಸದ್ದು ಒಳಗೆ ಬರದಂತೆ ಮಾಡಿದ್ದರು. ಸದ್ದಿನ ಜೊತೆ ಗಾಳಿಯೂ ಹೊರಗೇ ಉಳಿದಿತ್ತು. ಆ ಗಾದಿಗಳ ಮೇಲೆ ಎಷ್ಟು ಬೀಗರು ಮಲಗಿ ಎದ್ದಿದ್ದರೋ, ಬೆವರು, ಅತ್ತರು, ಎಲೆ ಅಡಿಕೆ ಎಲ್ಲ ಕೂಡಿದ ಹಳೇ ವಾಸನೆ ಹಾಲಿನ ತುಂಬ ಕೂತಿತ್ತು.

ನಡುವೆ ಚಾಪೆಯ ಮೇಲೆ ಹಾರ್ಮೋನಿಯಂ ಪೇಟಿ ಮುಂದಿಟ್ಟುಕೊಂಡು ದಾದೇಸಾಬ ಕೂತಿದ್ದ. ಕಲ್ಲೋಳಿಯ ಸಣ್ಣಾಟದ ಮೇಳಕ್ಕೆ ಅವನೇ ಪೇಟಿ ಮಾಸ್ತರ, ಅವನೇ ಮ್ಯಾನೇಜರ, ಯಾರಿಗಾದರೂ ಹೊಟ್ಟೆ ಕೆಟ್ಟರೆ ಗುಳಿಗೆ ಕೊಡುವವನೂ ಅವನೇ. ಅರವತ್ತು ದಾಟಿತ್ತು. ಕಾಲು ಮಡಚಿ ಕೂತರೆ ಏಳಲು ಯಾರದಾದರೂ ಹೆಗಲು ಬೇಕಾಗುತ್ತಿತ್ತು. ಈ ಸಿನಿಮಾ ಒಂದು ಮುಗಿದರೆ ಸಾಕು, ಆಟ ಇನ್ನು ಅದರಲ್ಲಿ ಇದ್ದುಕೊಳ್ಳಲಿ, ನಾನು ಪೇಟಿ ಇಳಿಸುತ್ತೇನೆ ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿ ಬಹಳ ದಿನವಾಗಿತ್ತು.

ಆಟದ ಹೆಸರು ನೀಲಾವತಿ. ಮಾತು ಕಡಿಮೆ, ಮೊದಲಿಂದ ಕಡೆಯವರೆಗೆ ಹಾಡಿನಲ್ಲೇ ನಡೆಯುವ ಆಟ. ಊರುಗಳಲ್ಲಿ ಬೆಳಕು ಹರಿಯುವವರೆಗೆ ಆಡುತ್ತಿದ್ದದ್ದನ್ನು ಹುಕ್ಕೇರಿಯ ಅಜಿತ ಎರಡು ತಾಸಿನ ಸಿನಿಮಾ ಮಾಡಲು ಹೊರಟಿದ್ದ. ಪುಣೆಯಲ್ಲಿ ಸಿನಿಮಾ ಕಲಿತು ಬಂದವನು, ಒಳ್ಳೆಯ ಹುಡುಗ, ಆದರೆ ಭಕ್ತಿ ಜಾಸ್ತಿ. ಒಂದಕ್ಷರ ಬಿಡಲು ಅವನ ಕೈ ಬರುತ್ತಿರಲಿಲ್ಲ. ಕಡೆಗೆ ಕತ್ತರಿ ಹಿಡಿದದ್ದು ದಾದೇಸಾಬನೇ. ಮಳೆ ಬಂದರೆ, ಕರೆಂಟು ಹೋದರೆ, ಗೌಡರು ಆಕಳಿಸಿದರೆ ಯಾವ ಹಾಡು ಹಾರಿಸಬೇಕು ಎಂಬುದು ಜೀವಮಾನವಿಡೀ ಅವನ ಕೆಲಸವೇ ಆಗಿತ್ತಲ್ಲ.

"ರಾಜಾನ ದರ್ಬಾರ ತಗದ ಒಗಿಯೋ ಅಜಿತಾ," ಎಂದಿದ್ದ. "ಅಲ್ಲಿ ನಮ್ಮ ರಾಜಾ ಬರೇ ಮೀಸಿ ತಿರುವತಾನ. ಜನಾ ಎದ್ದ ಚಾ ಕುಡ್ಯಾಕ ಹೋಗತಾರ."

"ಕಾಕಾ, ಅದು ಪರಂಪರಾ ಅಲ್ರಿ?"

"ಚಾ ಕುಡ್ಯಾಕ ಹೋಗೂದೂ ಪರಂಪರಾನ."

ಹೀಗೆ ಕಡಿದು ಕಡಿದು ಬೇಕಾದ ಹಾಡುಗಳನ್ನಷ್ಟೇ ಉಳಿಸಿ, ಒಂದೊಂದಾಗಿ ದನಿ ಹಿಡಿಯುತ್ತ ಬಂದಿದ್ದರು. ಮೊದಲು ದನಿ, ಆಮೇಲೆ ಚಿತ್ರ. ನೀಲಾವತಿಯ ದನಿ ಸತ್ತೆಪ್ಪನದು. ಮೀಸೆ ಚಿಗುರುವ ಮೊದಲಿನಿಂದ ಆ ಪಾತ್ರ ಕಟ್ಟಿದವನು. ಮುಖ ಮಾತ್ರ ಹತ್ತರಗಿಯ ಮಯೂರಿಯದು, ನಾಟಕ ಕಲಿತ ಹುಡುಗಿ. ಹೊಳೆದಂಡೆಯಲ್ಲಿ ಕ್ಯಾಮೆರಾ ಇಟ್ಟಾಗ ಅವಳು ಈ ದನಿಗೆ ಸರಿಯಾಗಿ ತುಟಿ ಆಡಿಸಬೇಕು. ಅದಕ್ಕೆ ಸತ್ತೆಪ್ಪನಿಗೇನೂ ಬೇಸರವಿರಲಿಲ್ಲ. "ಸೀರಿ ಉಟ್ಟ ದೂರ ನಿಂತರ ನಾ ಈಗೂ ಹೆಂಗಸನ. ಆ ಮಿಷಿನ್ ಬಾಜೂಕ ಬಂತಂದ್ರ ಗಡ್ಡದ ಬೇರ ಎಣಸತೈತಿ," ಎಂದು ತಾನೇ ನಕ್ಕು ಮಯೂರಿಗೆ ಕಚ್ಚೆ ಸೀರೆಯಲ್ಲಿ ನಡೆಯುವುದನ್ನು ಕಲಿಸಿದ್ದ.

ಉಳಿದದ್ದು ಕಡೆಯ ಹಾಡೊಂದೇ. ಗಂಡ ಬರುತ್ತಾನೆಂದು ಬುತ್ತಿ ಕಟ್ಟಿಕೊಂಡು ಹೊಳೆಯ ದಂಡೆಗೆ ಬಂದು ನಿಂತ ನೀಲಾವತಿ, ಇನ್ನು ಅವನು ಬರುವುದಿಲ್ಲವೆಂದು ತಿಳಿದು ಹಾಡುವ ಹಾಡು. ಅದಿಲ್ಲದಿದ್ದರೆ ಆಟಕ್ಕೆ ತಲೆಯಿದೆ, ಕಾಲಿಲ್ಲ.

ಸತ್ತೆಪ್ಪ ಕಣ್ಣು ಮುಚ್ಚಿ ಎತ್ತಿದ.

"ಹೊಳಿ ತುಂಬಿ ಬಂದೈತಿ, ಹರಗೋಲು..."

ಅಷ್ಟಕ್ಕೆ ಬಾಯಿ ಮುಚ್ಚಿದ. ಎಡಗೈ ಬೆನ್ನ ಹಿಂದಕ್ಕೆ ತುಸು ಸರಿಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಎತ್ತಿದ.

"ಹೇಳಿ ಹೋದಾಂವ ನನ್ನ..."

ಮತ್ತೆ ಸುಮ್ಮನೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಸೌಂಡಿನ ಶುಭಮ್ ಕೈ ಎತ್ತಿದ. "ಸರ, ಕಾಕಾ ಅರ್ಧಕ್ಕ ನಿಂದ್ರಾಕತ್ತಾರ."

"ಸತ್ತೆಪ್ಪ ಕಾಕಾ, ಸಾಲ ಪೂರ್ತಿ ಹಾಡ್ರಿ," ಎಂದ ಅಜಿತ.

"ಪೂರ್ತಿನ ಹಾಡಾಕತ್ತೇನಲ್ಲೋ."

"ಹರಗೋಲು ಅಂದ್ರಿ. ಹರಗೋಲು ಏನಾತು?"

"ಅದು ನಂದಲ್ಲ. ಹಿಮ್ಮೇಳದವರದು."

ಈ ಮೇಳದ ಪದ್ಧತಿಯೇ ಹಾಗಿತ್ತು. ಮುಂದೆ ನಿಂತ ಪಾತ್ರಧಾರಿ ಸಾಲು ಎತ್ತಿ ಅರ್ಧಕ್ಕೆ ಬಿಟ್ಟುಕೊಡುತ್ತಾನೆ. ಬೆನ್ನ ಹಿಂದೆ ನಿಂತ ಹಿಮ್ಮೇಳದವನು ಉಳಿದರ್ಧ ಹಾಡಿ ಮುಗಿಸುತ್ತಾನೆ. ಮುಂದಿನವನು ಹಿಂದೆ ತಿರುಗಿ ನೋಡಬಾರದು, ಹಿಂದಿನವನು ಮುಂದೆ ಬರಬಾರದು. ಉಳಿದ ಹಾಡುಗಳ ತುದಿಗಳೆಲ್ಲ ಬಾಯಿಪಾಠವಾಗುವಂಥವು, ಈಗಿನ ಹಿಮ್ಮೇಳದ ಹುಡುಗರೇ ಹಾಡಿ ದಾಟಿಸಿದ್ದರು. ಕಡೆಯ ಹಾಡಿನ ತುದಿಗಳು ಒಬ್ಬನ ಪಾಲು, ಯಲ್ಲಾರಿಯದು. ಅವನು ಮೇಳ ಬಿಟ್ಟ ಮೇಲೆ ಆ ಹಾಡನ್ನೇ ಬಿಟ್ಟಿದ್ದರು. ಬೆಳಗಿನ ಜಾವಕ್ಕೆ ಜನ ಎದ್ದು ಹೋಗಿರುತ್ತಿದ್ದುದರಿಂದ ಯಾರೂ ಕೇಳಿರಲಿಲ್ಲ.

"ಈಗ ಹಿಂದ ಯಾರೂ ಇಲ್ಲ ಕಾಕಾ. ಅಷ್ಟೂ ನೀವ ಹಾಡಿಬಿಡ್ರಿ."

ಸತ್ತೆಪ್ಪ ಬಾಯಿ ತೆರೆದ. ಮುಚ್ಚಿದ. ಜಾತ್ರೆಯಲ್ಲಿ ಚಪ್ಪಲಿ ಕಳೆದುಕೊಂಡವನಂತೆ ಸುತ್ತ ನೋಡಿ ದಾದೇಸಾಬನ ಕಡೆ ತಿರುಗಿದ. "ನನಗ ಬರೂದಿಲ್ಲೋ ದಾದೇಸಾ."

"ಏನ ಬರೂದಿಲ್ಲ?"

"ತುದಿ. ನಾ ಎಂದರ ಹಾಡೇನೇನು ಅದನ್ನ? ಕೇಳೇನಿ, ಖರೆ. ಆದರ ಅಂವಾ ಹಾಡೂ ಮುಂದ ನಾ ಮುಂದಿನ ಸಾಲಿಗೆ ಉಸರ ತಗೋತಿದ್ನಿ."

ದಾದೇಸಾಬನೂ ನೆನಪಿನ ಚೀಲ ಕೊಡವಿ ನೋಡಿದ. ರಾಗ ಬೆರಳಿನಲ್ಲಿತ್ತು, ಮಾತು ಇರಲಿಲ್ಲ. ಪೇಟಿಗೆ ಮಾತು ಎಂದೂ ಬೇಕಾಗಿರಲಿಲ್ಲ. ಎರಡು ತುದಿ ಸಿಕ್ಕವು, ಉಳಿದವು ಸಿಗಲಿಲ್ಲ. ಬರೆದಿಟ್ಟದ್ದು ಮೊದಲೇ ಇಲ್ಲ.

"ಹೋಗಲಿ ಬಿಡ್ರಿ, ಹೊಸಾದು ಬರದ ಕೊಡತೇನಿ," ಎಂದ ಅಜಿತ. ದಾದೇಸಾಬನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಯಾರೋ ಒಬ್ಬ ಬರೆದದ್ದೇ ತಾನೆ, ಇನ್ನೊಬ್ಬ ಬರೆದರೇನು. ಅಜಿತ ಮೂಲೆಗೆ ಕೂತು ತುದಿಗಳನ್ನು ಹೊಂದಿಸಿದ. ಚೆನ್ನಾಗಿಯೂ ಇದ್ದವು. ಆದರೆ ಸತ್ತೆಪ್ಪ ಹಾಡಲು ಹೋದಾಗ ಬೇರೆಯದೇ ತೊಡಕು. ಹುಟ್ಟಾ ಅರ್ಧ ಸಾಲಿಗೆ ಅಳೆದ ಉಸಿರು ಅವನದು. ಅರ್ಧದಲ್ಲಿ ಎದೆ ತಾನಾಗಿಯೇ ಬರಿದಾಗುತ್ತಿತ್ತು. ಎಳೆದು ದಾಟಿಸಲು ನೋಡಿದ. ದನಿ ಒಡೆದು ಕೆಮ್ಮು ಬಂತು. ಕೆಮ್ಮು ನಿಲ್ಲಲೇ ಇಲ್ಲ. ಮಯೂರಿ ನೀರು ತಂದಳು.

"ಕಾಕಾ, ನೀವು ಅರ್ಧಕ್ಕ ಸುಮ್ನ ಆದಾಗ ನಾ ಏನ ಮಾಡ್ಲಿರಿ?" ಎಂದು ಅವಳು ತನ್ನ ಚಿಂತೆ ಕೇಳಿದಳು.

"ಹೊಳಿ ನೋಡವಾ," ಎಂದ ಸತ್ತೆಪ್ಪ ಕೆಮ್ಮಿನ ನಡುವೆಯೇ.

ದಾದೇಸಾಬ ಅವನನ್ನು ಹೊರಗೆ ಪಡಸಾಲೆಗೆ ಕರೆದುಕೊಂಡು ಬಂದ. ಸಿನಿಮಾದವರಿಗೆ ಗೊತ್ತಿಲ್ಲದ ಸಂಗತಿ ಇವರಿಬ್ಬರಿಗೆ ಗೊತ್ತಿತ್ತು. ಸತ್ತೆಪ್ಪನ ಗಂಟಲಲ್ಲಿ ಗಂಟು ಬೆಳೆದಿತ್ತು. ಸೋಮವಾರ ಬೆಳಗಾವಿಯಲ್ಲಿ ಆಪರೇಶನ್. ಅಲ್ಲಿಯವರೆಗೆ ಹಾಡಬಾರದು, ಜೋರಾಗಿ ಮಾತೂ ಆಡಬಾರದು ಎಂದಿದ್ದರು ಡಾಕ್ಟರು. ಆಮೇಲೆ ಮಾತು ಬರುತ್ತದೆ, ಹಾಡಿನ ಖಾತ್ರಿ ಇಲ್ಲ ಎಂದೂ ಹೇಳಿದ್ದರು. ಸತ್ತೆಪ್ಪ ಹೆಂಡತಿ ಸೀತವ್ವನ ಬಾಯಿ ಕಟ್ಟಿ, ದಾದೇಸಾಬನಿಂದ ಆಣೆ ಮಾಡಿಸಿಕೊಂಡು ಹಾಡಲು ಬಂದಿದ್ದ. ಬ್ಯಾಡ ಅನ್ನಬೇಕಾದವನು ದಾದೇಸಾಬ. ಅಂದಿರಲಿಲ್ಲ. ಕಡೆಯ ಹಾಡು ಅವನಿಗೂ ಬೇಕಿತ್ತು.

"ಯಲ್ಲಾರಿಗೆ ಒಂದ ಫೋನ್ ಹಚ್ಚು," ಎಂದ ಈಗ.

"ನಾ ಹಚ್ಚಾಂಗಿಲ್ಲ."

"ಸತ್ತೆಪ್ಪಾ."

"ಬಿಟ್ಟ ಹೋದಾಂವ ಅಂವಾ. ನಾ ಬಿಟ್ಟೇನೇನು?"

ಬಿಟ್ಟು ಹೋದದ್ದು ಮೂಡಲಗಿಯ ಸತ್ಕಾರದ ದಿನ. ಸತ್ತೆಪ್ಪನಿಗೆ ಶಾಲು ಹೊದಿಸಿ, ಹಾರ ಹಾಕಿ, ಒಂದು ಹಾಡು ಹೇಳಿ ಎಂದಿದ್ದರು. ಹಿಮ್ಮೇಳ ಬೇಕಲ್ಲವೇ ಎಂದು ಯಾರೋ ಕೇಳಿದಾಗ ಶಾಲಿನ ಅಮಲಿನಲ್ಲಿದ್ದ ಸತ್ತೆಪ್ಪ ಮೈಕಿನಲ್ಲೇ, "ಹಿಂದ ಯಾರಾದರೂ ನಿಂದರಲಿ, ನಡೀತೈತಿ," ಎಂದುಬಿಟ್ಟ. ವೇದಿಕೆಯ ಮೆಟ್ಟಿಲ ಬಳಿ ಇಸ್ತ್ರಿ ಅಂಗಿ ತೊಟ್ಟು ಕಾದು ನಿಂತಿದ್ದ ಯಲ್ಲಾರಿ ಅಲ್ಲಿಂದಲೇ ಬಸ್‌ಸ್ಟ್ಯಾಂಡಿಗೆ ನಡೆದ. ಮತ್ತೆ ಕಲ್ಲೋಳಿಯ ಕಡೆ ಬರಲಿಲ್ಲ.

ಸಂಜೆ ದಾದೇಸಾಬ ಮನೆಗೆ ಬಂದಾಗ ಖಾತುನಬಿ ರೊಟ್ಟಿ ಬಡಿಯುತ್ತಿದ್ದಳು. ಗಂಡ ಗೋಡೆಗೆ ಒರಗಿದ ರೀತಿ ನೋಡಿಯೇ ಕೇಳಿದಳು, "ಆಗಲಿಲ್ಲೇನ್ರಿ?"

ಎಲ್ಲ ಹೇಳಿದ. "ಒಬ್ಬಾಂವ ಕರಿಯಾಂಗಿಲ್ಲ ಅಂತಾನ, ಇನ್ನೊಬ್ಬಾಂವ ಕರದರೂ ಬರಾಂಗಿಲ್ಲ. ನಡುವ ಪೇಟಿ ಹೊತ್ತಾಂವ ನಾ. ನನಗ ಸಾಕಾಗೇತಿ ಖಾತೂನ್. ಹಾಡಿಲ್ಲದ ಮುಗಿಸ್ಲಿ ಅತ್ಲಾಗ."

"ಹಂಗ ಮಾಡ್ರಿ. ಆಮ್ಯಾಲ ಸಾಯೂತನಕ ಮನ್ಯಾಗ ಕುಂತ ಆ ಹಾಡಂದ್ರ ಹಿಂಗಿತ್ತು ಹಾಂಗಿತ್ತು ಅಂತ ನನ್ನ ಮುಂದ ಹಲಬರಿ," ಎಂದಳು ರೊಟ್ಟಿ ಮಗುಚುತ್ತ. "ಯಲ್ಲಾರಿ ಸಿಟ್ಟ ನಿಮ್ಮ ಮ್ಯಾಲ ಮಾಡಿಲ್ಲ. ಹೋಗಿ ಬರ್ರಿ. ಬರಾಂಗಿಲ್ಲ ಅಂದರ ಭೇಟ್ಟಿ ಆದಾಂಗರ ಆಗತೈತಿ."

ಮರುದಿನ ಹುಕ್ಕೇರಿ ಬಸ್ಸು ಹಿಡಿದ. ಹೊರಡುವ ಮೊದಲು ಶುಭಮ್‌ಗೆ ಹೇಳಿ ಸತ್ತೆಪ್ಪ ನಿನ್ನೆ ಅರ್ಧರ್ಧ ಹಾಡಿದ್ದನ್ನು ಫೋನಿಗೆ ಹಾಕಿಸಿಕೊಂಡಿದ್ದ. ಕೇಳಿದರೆ ದಾರಿಯಲ್ಲಿ ತನಗೇ ತುದಿಗಳು ನೆನಪಾದಾವು ಎಂಬ ಆಸೆ. ನೆನಪಾಗಲಿಲ್ಲ, ನಿದ್ದೆ ಬಂತು. ಹುಕ್ಕೇರಿಯಲ್ಲಿ ಇಳಿದು ಟಂಟಂ ಹತ್ತಿ ಬೆಲ್ಲದ ಬಾಗೇವಾಡಿ ಸೇರುವ ಹೊತ್ತಿಗೆ ಮೊಣಕಾಲು ಎರಡೂ ಬೇರೆ ಯಾರವೋ ಆಗಿದ್ದವು.

ಯಲ್ಲಾರಿ ಊರ ಹೊರಗಿನ ಬೆಲ್ಲದ ಗಾಣದಲ್ಲಿ ಪಾಕ ನೋಡುವ ಕೆಲಸಕ್ಕಿದ್ದ. ದೊಡ್ಡ ಕೊಪ್ಪರಿಗೆಯ ಅಂಚಿನಲ್ಲಿ ನಿಂತು ಕುದಿಯುವ ಕಬ್ಬಿನ ಹಾಲನ್ನು ಮರದ ಹುಟ್ಟಿನಿಂದ ಎತ್ತಿ ಎತ್ತಿ ನೋಡುತ್ತಿದ್ದ. ತಲೆಗೆ ಟವೆಲು, ಮುಖವೆಲ್ಲ ಹೊಗೆ. ದಾದೇಸಾಬನನ್ನು ಕಂಡು ಹುಟ್ಟು ಇನ್ನೊಬ್ಬನ ಕೈಗೆ ಕೊಟ್ಟು ಬಂದ.

"ಬರ್ರಿ ಮಾಸ್ತರ. ಸಣ್ಣ ಆಗೀರಲ್ಲ."

"ನೀ ಕರ್ರಗಾಗಿ."

"ಮೊದಲ ಭಾಳ ಬೆಳ್ಳಗಿದ್ನೇನ್ರಿ?" ಎನ್ನುತ್ತ ಎಲೆಯ ಮೇಲೆ ಬಿಸಿ ಬೆಲ್ಲದ ತುಣುಕು ಇಟ್ಟುಕೊಟ್ಟ. "ತಿನ್ರಿ."

"ಸಕ್ಕರಿ ಬ್ಯಾನಿ ಐತೋ."

"ಇದು ಸಕ್ಕರಿ ಅಲ್ರಿ. ಬೆಲ್ಲ."

ದಾದೇಸಾಬ ತಿಂದ. ಬಾಯಿ ಸಿಹಿಯಾಗಿದ್ದಾಗಲೇ ಸುಳ್ಳು ಹೇಳಿ ಮುಗಿಸಬೇಕೆಂದು ಶುರು ಮಾಡಿದ. ಸಿನಿಮಾದ ಸುದ್ದಿ ಹೇಳಿದ, ಕಡೆಯ ಹಾಡಿನ ತೊಡಕು ಹೇಳಿದ, ಆಮೇಲೆ, "ಸತ್ತೆಪ್ಪ ಭಾಳ ನೊಂದಾನೋ. ನಂದ ತಪ್ಪಾತು, ಯಲ್ಲಾರಿಗೆ ಬಾ ಅಂತ ಹೇಳು ಅಂತ ತಾನ ಕಳಿಸ್ಯಾನ," ಎಂದ.

ಯಲ್ಲಾರಿ ಟವೆಲಿನಿಂದ ಮುಖ ಒರೆಸಿಕೊಂಡು ನಕ್ಕ. "ಮಾಸ್ತರ, ನನಗ ಗೊತ್ತಿಲ್ಲೇನ್ರಿ ಅಂವಾ? ತಪ್ಪಾತು ಅನ್ನೂ ಮಾತನ್ನೂ ಅಂವಾ ಅರ್ಧಾ ಅಂದು ಉಳದದ್ದು ನನ್ನ ಕಡೆನ ಬಿಡಾಂವ."

ದಾದೇಸಾಬನಿಗೂ ನಗು ಬಂತು. ಸುಳ್ಳು ಅಲ್ಲಿಗೆ ಸತ್ತಿತು.

"ಹೇಳಿಲ್ಲ. ನಾನ ಬಂದೇನಿ."

"ಹಂಗ ಹೇಳ್ರಿ ಮತ್ತ. ನಾ ಬರೂದಿಲ್ಲ. ಕೊಪ್ಪರಿಗಿ ಬಿಟ್ಟ ಬರಾಕ ಆಗೂದೂ ಇಲ್ಲ. ಆ ಹಾಡೂ ನನಗೀಗ ನೆನಪಿಲ್ಲ."

"ಒಂದರ ಹೇಳಿ ನೋಡು."

"ಸುಮ್ನ ಹೇಳಂದ್ರ ಹ್ಯಾಂಗ ಬರತೈತ್ರಿ? ಎತ್ತಿಕೊಡಾಂವ ಬೇಕಲ್ಲ."

ದಾದೇಸಾಬ ಫೋನು ತೆಗೆದು ಹಚ್ಚಿದ. ಗಾಣದ ಎಂಜಿನ್ನಿನ ಗದ್ದಲದಲ್ಲಿ ಕೇಳದೆ ಇಬ್ಬರೂ ಕಬ್ಬಿನ ಸಿಪ್ಪೆಯ ಬಣವೆಯ ಆಚೆ ಹೋಗಿ ಕುಕ್ಕುರುಗಾಲಲ್ಲಿ ಕೂತರು. "ಹೊಳಿ ತುಂಬಿ ಬಂದೈತಿ, ಹರಗೋಲು..." ಎಂದಿತು ಫೋನು. ಆಮೇಲೆ ಏನೂ ಇಲ್ಲ. ಯಲ್ಲಾರಿಯ ತುಟಿ ಅಲುಗಿತು. "ಹೇಳಿ ಹೋದಾಂವ ನನ್ನ..." ಮತ್ತೆ ಏನೂ ಇಲ್ಲ. ಈ ಸಲ ಸಣ್ಣಗೆ ದನಿಯೇ ಹೊರಬಂತು, "ಹೆಸರ ಮರತಾನ." ಕಡೆಯವರೆಗೆ ಕೇಳಿದ. ಇನ್ನೊಮ್ಮೆ ಹಚ್ಚು ಎಂದು ಕೈಮಾಡಿದ.

"ದನಿಗೆ ಏನಾಗೇತಿ?"

"ನೆಗಡಿ."

"ಮಾಸ್ತರ."

ದಾದೇಸಾಬ ಗಂಟು, ಬೆಳಗಾವಿ, ಸೋಮವಾರ ಎಲ್ಲ ಹೇಳಿಬಿಟ್ಟ. ಆಣೆ ಮುರಿದದ್ದಕ್ಕೆ ಏನೂ ಅನ್ನಿಸಲಿಲ್ಲ. ದಣಿದವನ ಬಾಯಲ್ಲಿ ಗುಟ್ಟು ಬಹಳ ಹೊತ್ತು ನಿಲ್ಲುವುದಿಲ್ಲ. ಯಲ್ಲಾರಿ ಕಬ್ಬಿನ ಸಿಪ್ಪೆಯೊಂದನ್ನು ಎತ್ತಿಕೊಂಡು ಸೀಳುತ್ತ ಕೂತ.

"ಜಾಗಾ ಬಿಟ್ಟಾನ," ಎಂದ ಕಡೆಗೆ.

"ಏನು?"

"ಹಿಂದ ಯಾರೂ ಇಲ್ಲದಾಗ ಅಷ್ಟ ಹೊತ್ತ ಎದಕ ಸುಮ್ನ ನಿಂತಾನಂತೀರಿ? ಆಗೂ ಇಷ್ಟ ಬಿಡತಿದ್ದ. ನಾ ಉಸರ ಎಳದ, ತುದಿ ಹಾಡಿ, ಬಾಯಿ ಮುಚ್ಚಬೇಕು. ಒಂದ ಎಳಿ ಹೆಚ್ಚಿಲ್ಲ, ಒಂದ ಎಳಿ ಕಡಿಮಿ ಇಲ್ಲ."

ಕೊಪ್ಪರಿಗೆಯ ಕಡೆಯಿಂದ ಯಾರೋ ಕೂಗಿದರು. ಯಲ್ಲಾರಿ ಎದ್ದ. ದಾದೇಸಾಬನಿಗೆ ಏಳಲು ಕೈ ಕೊಟ್ಟ. "ನಾಳೆ ಪಾಕ ಇಳಿಸೂದೈತಿ. ನೋಡೂನು ಹೋಗ್ರಿ," ಎಂದಷ್ಟೇ ಹೇಳಿ ಹೊಗೆಯೊಳಕ್ಕೆ ಹೋದ.

ಶನಿವಾರ ಗಾದಿಗಳ ಹಾಲಿನಲ್ಲಿ ಎಲ್ಲರೂ ಕಾದರು. ಅಜಿತ ಬಾಗಿಲಿಗೆ ಹೋಗಿ ಬಂದು ಮಾಡುತ್ತಿದ್ದ. ಸತ್ತೆಪ್ಪ ಬಿಸಿನೀರು ಕುಡಿಯುತ್ತ ಯಾರನ್ನೂ ಏನೂ ಕೇಳಲಿಲ್ಲ. ದಾದೇಸಾಬನಂತೂ ಪೇಟಿಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದ. ಬಂದರೆ ಬರಲಿ, ಬಾರದಿದ್ದರೆ ಮನೆಗೆ ಹೋಗಿ ಮಲಗುವುದು ಎಂಬಲ್ಲಿಗೆ ಅವನ ಮನಸ್ಸು ಬಂದು ನಿಂತಿತ್ತು.

ಬಿಸಿಲೇರಿದ ಮೇಲೆ ಯಲ್ಲಾರಿ ಬಂದ. ತಲೆಗೂದಲಿನಲ್ಲಿ ಇನ್ನೂ ಬೂದಿಯಿತ್ತು. ಅಂಗಿ ಮಾತ್ರ ಇಸ್ತ್ರಿಯದು. ಸತ್ತೆಪ್ಪ ಬಾಗಿಲಿಗೆ ಬೆನ್ನು ಮಾಡಿ ಮೈಕಿನ ಮುಂದೆ ನಿಂತಿದ್ದವನು ತಿರುಗಲಿಲ್ಲ.

"ಯಾರ ಬಂದಾರ ದಾದೇಸಾ?"

ಉತ್ತರ ಕೊಟ್ಟವನು ಯಲ್ಲಾರಿಯೇ. "ಯಾರೋ ಒಬ್ಬಾಂವ ಬಂದಾನ. ಯಾರಾದರೂ ನಡೀತೈತಲ್ಲ."

ಸತ್ತೆಪ್ಪನ ಕಿವಿ ಕೆಂಪಾಯಿತು. "ಎಲ್ಲಾರೂ ನಡೀಲಿಲ್ಲ ಮತ್ತ," ಎಂದ, ಮುಂದಿನ ಗಾದಿಗೆ ಹೇಳಿದಂತೆ.

ಅಜಿತ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ನಿಲ್ಲಿಸಿ ಹಾಡಿಸಬೇಕೆಂದಿದ್ದ. ಒಬ್ಬನದು ಕೆಟ್ಟರೆ ಇನ್ನೊಬ್ಬನದನ್ನು ಮತ್ತೆ ಹಾಡಿಸಬೇಕಾಗುವುದಿಲ್ಲ, ಆಮೇಲೆ ಜೋಡಿಸಬಹುದು. ಮಾತು ಸರಿಯೇ ಇತ್ತು. ಆದರೂ ದಾದೇಸಾಬ ತಲೆಯಾಡಿಸಿದ. "ನಿನ್ನ ಜೋಡಣಿ ಆಮ್ಯಾಲ ಎಷ್ಟರ ಮಾಡಪಾ. ಈಗ ಅಂವಾ ಹಿಂದ ನಿಂದರಲಿ. ಎರಡು ಹೆಜ್ಜಿ ಹಿಂದ, ಎಡಕ್ಕ. ಅಲ್ಲಿ ನಿಂತರನ ಇವಗ ಬರತೈತಿ."

ಪೇಟಿಯ ಗಾಳಿ ಎತ್ತಿದ. ಸತ್ತೆಪ್ಪ ಶುರು ಮಾಡಿದ.

"ಹೊಳಿ ತುಂಬಿ ಬಂದೈತಿ, ಹರಗೋಲು..."

"...ದಂಡ್ಯಾಗ ಉಳದೈತಿ."

ಯಲ್ಲಾರಿಯ ದನಿ ಹೊಗೆ ಕುಡಿದು ದಪ್ಪವಾಗಿತ್ತು. ಆದರೆ ಬಿದ್ದ ಜಾಗ ಸರಿಯಾಗಿತ್ತು. ಸತ್ತೆಪ್ಪನ ಹೆಗಲು ಇಳಿದದ್ದು ದಾದೇಸಾಬನಿಗೆ ಕಂಡಿತು. ಬಹಳ ದಿನ ಒಬ್ಬನೇ ಹೊತ್ತ ಮೂಟೆಯ ಇನ್ನೊಂದು ತುದಿಗೆ ಯಾರೋ ಕೈ ಹಚ್ಚಿದಾಗ ಇಳಿಯುತ್ತದಲ್ಲ, ಹಾಗೆ.

"ಹೇಳಿ ಹೋದಾಂವ ನನ್ನ..."

"...ಹೆಸರ ಮರತಾನ."

"ಕಟ್ಟಿದ ಬುತ್ತಿ ನಾ ಯಾರಿಗೆ..."

"...ಬಿಚ್ಚಿ ಉಣಿಸಲೆ."

ಹಾಡು ನಡೆಯಿತು. ಗೋಡೆಯ ಬಳಿ ಮಯೂರಿ ಸತ್ತೆಪ್ಪನ ಬಾಯಿ ನೋಡುತ್ತ ತನ್ನ ತುಟಿ ಆಡಿಸುತ್ತಿದ್ದಳು. ಅಜಿತ ನೆಲಕ್ಕೆ ಕೂತುಬಿಟ್ಟಿದ್ದ. ಕಡೆಯ ಸಾಲು ಬಂತು. ಅದು ಎಲ್ಲಕ್ಕಿಂತ ಮೇಲೆ ಹತ್ತಬೇಕಾದ ಸಾಲು.

"ಬಾಗಿಲ ತೆರದಿಟ್ಟ..."

ಅಲ್ಲಿ ದನಿ ನಿಂತಿತು. ಅರ್ಧವೂ ಆಗಿರಲಿಲ್ಲ. 'ಬಂದೇನಿ, ಮನಿಗೆ' ಎಂದು ಇನ್ನೂ ಅವನ ಪಾಲಿನದೇ ಉಳಿದಿತ್ತು. ಬಾಯಿ ತೆರೆದೇ ಇತ್ತು, ಕತ್ತಿನ ನರ ಬಿಗಿದಿತ್ತು, ದನಿ ಮಾತ್ರ ಇರಲಿಲ್ಲ. ದಾದೇಸಾಬ ಸುರ ಬಿಡದೆ ಹಿಡಿದ. ಹಿಂದಿನಿಂದ ಯಲ್ಲಾರಿ ಬಿದ್ದಲ್ಲಿಂದಲೇ ಎತ್ತಿಕೊಂಡ.

"...ಬಂದೇನಿ, ಮನಿಗೆ ಹ್ಯಾಂಗ ಹೋಗಲೆ."

ಪೇಟಿ ನಿಂತಿತು. ಶುಭಮ್ ಹೆಡ್‌ಫೋನ್ ತೆಗೆದ. ಅಜಿತ ಎದ್ದು ಬಂದ, ಕಣ್ಣು ಒದ್ದೆಯಾಗಿತ್ತು, ಆದರೂ ಕೆಲಸದವನು. "ಭಾಳ ಚಲೋ ಆತ್ರಿ. ಕಡೀ ಸಾಲ ಒಂದ ಹೋತು. ಅದೊಂದ ಮತ್ತೊಮ್ಮಿ ತಗೊಂಡಬಿಡೂನು ಕಾಕಾ. ಒಂದ ಸಲ."

ಸತ್ತೆಪ್ಪ ಆಗಲಿ ಎಂದು ತಲೆಯಾಡಿಸಿದ. ಬಿಸಿನೀರಿಗೆ ಕೈ ಚಾಚಿದ. ಅವನು ಹಾಡುತ್ತಿದ್ದ, ಅದರಲ್ಲಿ ಅನುಮಾನವಿರಲಿಲ್ಲ. ಗಂಟಲು ಹರಿಯುವವರೆಗೆ ಹಾಡುತ್ತಿದ್ದ. ಎರಡನೇ ಸಲ ಸರಿಯಾಗಿಯೂ ಬರುತ್ತಿತ್ತೇನೋ. ದಾದೇಸಾಬನ ಬೆರಳು ಇನ್ನೂ ಕಡೆಯ ಸುರದ ಮೇಲೇ ಇತ್ತು. ಅವನಿಗೂ ಆ ಸಾಲು ಪೂರ್ತಿ ಬೇಕಿತ್ತು. ಅಷ್ಟು ದಣಿದಿದ್ದರೂ ಬೇಕಿತ್ತು. ಬೆರಳು ತೆಗೆದ. ಪೇಟಿಯ ಮುಚ್ಚಳ ಹಾಕಿ ಎರಡೂ ಕೊಂಡಿ ಬಿಗಿದ.

"ಮುಗೀತು," ಎಂದ.

"ಕಾಕಾ, ಒಂದ ಸಾಲ..."

"ಸೋಮವಾರ ಇವನ ಗಂಟಲಾ ಕೊಯ್ಯತಾರ ಅಜಿತಾ. ಹಾಡಬಾರದು ಅಂದಿದ್ರು ಡಾಕ್ಟರು. ಇಷ್ಟ ಹಾಡಿದ್ದ ತಪ್ಪು. ಅದರಾಗ ನನ್ನ ಪಾಲೂ ಐತಿ."

ಅಜಿತ ಸತ್ತೆಪ್ಪನನ್ನು ನೋಡಿದ. ಸತ್ತೆಪ್ಪ ಬಾಯಿ ಸಡಿಲ ಬಿಟ್ಟೆಯಲ್ಲೋ ಎಂಬಂತೆ ದಾದೇಸಾಬನ ಕಡೆ ಕಣ್ಣು ಬಿಟ್ಟ. ಬೈಯಲು ಹೋದ, ದನಿ ಬರಲಿಲ್ಲ.

"ನನಗ ಮೊದಲ ಹೇಳಬೇಕಿತ್ತ ನೀವು," ಎಂದ ಅಜಿತ ಮೆತ್ತಗೆ.

"ಹೇಳಿದ್ರ ಹಾಡಸತಿದ್ದೇನು?"

"ಇಲ್ಲ."

"ಅದಕ್ಕ ಹೇಳಲಿಲ್ಲ."

ಚಹಾ ಬಂತು. ಯಲ್ಲಾರಿ ತಾನೇ ಬಂದು ಸತ್ತೆಪ್ಪನ ಕಪ್ಪನ್ನು ಆಚೆ ಸರಿಸಿ ಬಿಸಿನೀರಿನ ಲೋಟ ಮುಂದಿಟ್ಟ. ಕ್ಷಮೆಯ ಮಾತು ಇಬ್ಬರೂ ಆಡಲಿಲ್ಲ. ಆಡಲು ಒಬ್ಬನಿಗೆ ದನಿ ಇರಲಿಲ್ಲ, ಇನ್ನೊಬ್ಬ ಕೇಳಲು ಬಂದಿರಲಿಲ್ಲ.

ಮಯೂರಿಗೆ ಮಾತ್ರ ತನ್ನ ಕೆಲಸ ಬಾಕಿಯಿತ್ತು. ಸತ್ತೆಪ್ಪನ ಎದುರು ಬಂದು ಕೂತಳು. "ಕಾಕಾ, ತಪ್ಪ ತಿಳ್ಕೋಬ್ಯಾಡ್ರಿ. ಕಡೀ ಸಾಲ ಹಿಂಗ ಇರತೈತಿ ಅಂದಮ್ಯಾಲ ಹೊಳಿ ದಂಡ್ಯಾಗ ನಾ ಏನ ಮಾಡ್ಬೇಕ್ರಿ? ದನಿ ಹೋದಲ್ಲಿ ಬಾಯಿ ಮುಚ್ಚಲೇನು, ತೆರದ ಇಡಲೇನು?"

ಸತ್ತೆಪ್ಪ ಲೋಟ ಕೆಳಗಿಟ್ಟ. ಬೆನ್ನು ನೆಟ್ಟಗೆ ಮಾಡಿ ಕೂತ. ಹೆಗಲ ಮೇಲೆ ಇಲ್ಲದ ಸೆರಗನ್ನು ಎಳೆದುಕೊಂಡ. ಸದ್ದಿಲ್ಲದೆ ತುಟಿಯಲ್ಲೇ "ಬಾಗಿಲ ತೆರದಿಟ್ಟ" ಎಂದ. ಆಮೇಲೆ ಬಾಯಿ ತೆರೆದೇ ಇತ್ತು. ಗದ್ದ ಸ್ವಲ್ಪ ನಡುಗಿತು. ಕಣ್ಣು ಹೊಳೆಯಾಚೆ ಯಾವುದೋ ಒಂದು ಕಡೆ ನೆಟ್ಟು, ಅಲ್ಲಿ ಏನೂ ಇಲ್ಲವೆಂದು ಗೊತ್ತಾಗಿ, ನಿಧಾನವಾಗಿ ಕೆಳಗಿಳಿದವು. ಅರವತ್ತರ ಮುಖ, ಎರಡು ದಿನದ ಬಿಳಿ ಗಡ್ಡ. ಆದರೂ ಅಲ್ಲಿ ಕೂತದ್ದು ನೀಲಾವತಿ.

ಮಯೂರಿ ಮಾಡಿ ನೋಡಿದಳು. ಅವನು ಅಲ್ಲ ಎಂದು ತಲೆಯಾಡಿಸಿ ಅವಳ ಗದ್ದವನ್ನು ಬೆರಳಿನಿಂದ ತುಸು ಇಳಿಸಿದ.

ಪಕ್ಕದಲ್ಲಿ ಚಹಾ ಹೀರುತ್ತಿದ್ದ ಯಲ್ಲಾರಿ ಬಸಿ ಹಿಡಿದ ಕೈ ಮೇಲಕ್ಕೆತ್ತಿದವನು ಹಾಗೆಯೇ ನಿಂತಿದ್ದ.

"ಮಾಸ್ತರ," ಎಂದ ಮೆಲ್ಲಗೆ. "ಈ ಹಾಡಿನಾಗ ಇವನ ಮುಖಾ ಹಿಂಗ ಆಗತೈತೇನ್ರಿ?"

"ಯಾವಾಗೂ ಹಂಗ. ಯಾಕ?"

"ನಾ ನೋಡಿದ್ದಿಲ್ಲ. ಇಷ್ಟ ವರ್ಷ ಬರೇ ಬೆನ್ನ ನೋಡೇನಿ."

ದಾದೇಸಾಬ ಚಾಪೆಯ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ಯಲ್ಲಾರಿ ಬಸಿ ಕೆಳಗಿಟ್ಟು ಸತ್ತೆಪ್ಪನ ಎದುರಿಗೆ, ಮಯೂರಿಯ ಪಕ್ಕಕ್ಕೆ ಬಂದು ಕಾಲು ಮಡಚಿ ಕೂತ. ಸತ್ತೆಪ್ಪ ಅವನನ್ನು ಒಂದು ಸಲ ನೋಡಿದ. ಸೆರಗು ಸರಿಮಾಡಿಕೊಂಡು ಮೊದಲಿನಿಂದ ಶುರು ಮಾಡಿದ.